ಬಾಣಲೆಗೂ ಒಂದು ಫೋಟೋ ಬೇಡ್ವಾ?

ಸಂಪಾದಕರೇ, ಪುರವಣಿಲಿ ಬರೋ ಓದುಗರ ಫೋಟೋ ಅಂದ್ರೆ ಬರೀ ಸೂರ್ಯಾಸ್ತ, ಹಕ್ಕಿ, ಹೂವು, ನೋಡಿ ನೋಡಿ ಸಾಕಾಗಿದೆ. ಮನೇಲಿರೋ ಹಳೇ ಬಾಣಲೆನ ಒಂದ್ಸಲ ಕಿಟಕಿ ಪಕ್ಕ ಇಟ್ಟು ನೋಡಿ, ಬೆಳಕು ಸೈಡಿಂದ ಬಿದ್ರೆ ಸೌಟು ಗೀಚಿದ ಗೆರೆ, ತಳಕ್ಕೆ ಹಿಡಿದಿರೋ ಮಸಿ, ಹಿಡಿ ಹತ್ರ ಸಡಿಲ ಆಗಿರೋ ರಿವೆಟ್ಟು ಎಲ್ಲಾ ಎದ್ದು ಕಾಣತ್ತೆ. ನಾನು ಮೊದಲು ತೆಗೆದಾಗ ಕಪ್ಪು ಬಾಣಲೆ ಬೂದಿ ಬಳಿದ ಹಾಗೆ ಬಂತು, ಯಾಕಂದ್ರೆ ಕ್ಯಾಮೆರಾ ಕಪ್ಪನ್ನೂ ಬೂದು ಮಾಡೋಕೆ ಹೋಗತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದ್ರೆ ಕ್ಯಾಮೆರಾ ಒಳಗೆ ಬೀಳೋ ಬೆಳಕನ್ನ ಅರ್ಧ ಮಾಡಿದ್ಮೇಲೆ ಸರಿಹೋಯ್ತು. ಸ್ಟೀಲಿಂದಾದ್ರೆ ನಮ್ಮ ಮುಖಾನೇ ಅದ್ರಲ್ಲಿ ಕಾಣತ್ತೆ, ಅದು ಬೇರೆ ತಮಾಷೆ! ಆಂಡ್ರೆ ಕೆರ್ಟೆಸ್ ಅನ್ನೋ ಫೋಟೋಗ್ರಾಫರ್ 1928ರಲ್ಲಿ ತಟ್ಟೆ ಅಂಚಿಗೆ ಒರಗಿದ್ದ ಒಂದು ಫೋರ್ಕ್ ಫೋಟೋ ತೆಗೆದ್ರು, ಇವತ್ತಿಗೂ ಜನ ಅದನ್ನ ನೋಡ್ತಾರೆ. ಬಾಣಲೆ ಏನು ಪಾಪ ಮಾಡಿದೆ? ಒಂದು ವಾರ ಅಡುಗೆಮನೆ ಸಾಮಾನಿಗೂ ಜಾಗ ಕೊಡಿ.

— ಒಬ್ಬ ಓದುಗ