ಮಗಳಿಗೊಂದು ಪತ್ರ: ಆ ಎರಡು ಹಳದಿ ಗೆರೆ

ಚಳ್ಳಕೆರೆ
ಶುಕ್ರವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಬಿ.ಎಸ್ಸಿ ಸಾಕಮ್ಮ, ಮೂರು ವರ್ಷಕ್ಕೆ ಮುಗಿಯುತ್ತೆ" ಅಂದೆಯಲ್ಲ, ಆಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ನಿನ್ನ ದನಿಯಲ್ಲಿ ಆಸೆಗಿಂತ ಲೆಕ್ಕವೇ ಜಾಸ್ತಿ ಕೇಳಿಸಿತು. ಎಣ್ಣೆ ಮಿಲ್ಲಿನಲ್ಲಿ ಅಪ್ಪನಿಗೆ ಬರುವ ಸಂಬಳ, ತಮ್ಮನ ಫೀಸು, ಎಲ್ಲ ನೀನೇ ಕೂಡಿ ಕಳೆದಿದ್ದೀಯ ಅಲ್ವಾ?

ಆ ಲೆಕ್ಕ ನಾನೂ ಹಾಕಿದೆ. ಫಿಸಿಕ್ಸ್‌ನಲ್ಲೇ ಮುಂದೆ ಓದುವುದಾದರೆ ಬಿ.ಎಸ್ಸಿ ಮೂರು, ಎಂ.ಎಸ್ಸಿ ಎರಡು, ಒಟ್ಟು ಐದು. ಪಿಯು ಆದಮೇಲೆ ನೇರ ಸೇರಿ, ಎರಡೂ ಹಂತ ಒಟ್ಟಿಗೆ ಮುಗಿಸುವ ಇಂಟಿಗ್ರೇಟೆಡ್ ಕೋರ್ಸ್ ಕೂಡ ಐದೇ. ನಡುವೆ ಜಾಮ್ ಪರೀಕ್ಷೆ ಬರೆದು ಎಂ.ಎಸ್ಸಿ ಸೀಟು ಹುಡುಕುವ ಓಡಾಟ ಅದರಲ್ಲಿ ಇಲ್ಲ. ದುಡ್ಡಿನ ಚಿಂತೆ ನಮ್ಮದು, ನಿನ್ನದಲ್ಲ.

ನಿನಗೆ ಒಂದು ವಿಷಯ ಹೇಳಿಲ್ಲ. ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ ಓದುವಾಗ ಲ್ಯಾಬಿನಲ್ಲಿ ಎಂಟು ಜನಕ್ಕೆ ಒಂದು ಸ್ಪೆಕ್ಟ್ರೋಮೀಟರ್, ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ. ಹುಡುಗರು ಮುಂದೆ ನಿಂತು ಅದರ ಸ್ಕ್ರೂ ತಿರುಗಿಸುತ್ತಿದ್ದರು. ನಾವು ಹಿಂದೆ ನಿಂತು ರೀಡಿಂಗ್ ಬರೆದುಕೊಳ್ಳುತ್ತಿದ್ದೆವು. ಸೋಡಿಯಂ ದೀಪದ ಬೆಳಕಿನಲ್ಲಿ ಎರಡು ಹಳದಿ ಗೆರೆ, ಅವುಗಳ ತರಂಗಾಂತರ 5890 ಮತ್ತು 5896 ಆಂಗ್‌ಸ್ಟ್ರಾಮ್ ಅಂತ ಬಾಯಿಪಾಠ ಮಾಡಿದ್ದೆ. ವೈವಾದಲ್ಲಿ ಹೇಳಿ ಪಾಸೂ ಆದೆ. ಬಿ.ಎಡ್ ಮಾಡಿ ಟೀಚರ್ ಆದೆ. ಆದರೆ ಆ ಎರಡು ಗೆರೆಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲ.

ನೋಡಿದ್ದು ಕುದಾಪುರದಲ್ಲಿ. ನೀನು ಆರನೇ ಕ್ಲಾಸಿನಲ್ಲಿದ್ದಾಗ ಐಐಎಸ್ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಿಗೆ ತರಬೇತಿಗೆ ಹೋಗಿದ್ದೆನಲ್ಲ, ಆಗ. ಅವತ್ತು ಉಪಕರಣ ನನ್ನೊಬ್ಬಳ ಕೈಗೆ ಸಿಕ್ಕಿತು. ಬೆಳಕನ್ನು ಬಿಡಿಸುವ ಗ್ರೇಟಿಂಗ್ ಇಟ್ಟು, ಬೆಳಕು ಒಳಬರುವ ಸ್ಲಿಟ್ ಕಿರಿದು ಮಾಡುತ್ತಾ, ಟೆಲಿಸ್ಕೋಪನ್ನು ನಿಧಾನವಾಗಿ, ಗೆರೆಗಳು ಇನ್ನೂ ದೂರ ಸರಿಯುವ ಎರಡನೇ ಆರ್ಡರ್‌ವರೆಗೆ ತಿರುಗಿಸಿದೆ. ಒಂದೇ ಅಂತ ಕಾಣುತ್ತಿದ್ದ ಗೆರೆ ಬಿರಿದು ಎರಡಾಯಿತು. ನಡುವೆ ಕೂದಲೆಳೆಯಷ್ಟು ಕತ್ತಲೆ. ನನಗೆ ಕಣ್ಣು ತುಂಬಿ ಬಂತು ಪುಟ್ಟಿ. ಸ್ವಲ್ಪ ಹೊತ್ತು ರೀಡಿಂಗ್ ತೆಗೆಯಲು ಆಗಲೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ವರ್ಷ ಎಣಿಸಬೇಡ. ಸ್ಕ್ರೂ ನಿನ್ನ ಕೈಗೆ ಎಲ್ಲಿ ಸಿಗುತ್ತದೆ ನೋಡು. ಇಂಟಿಗ್ರೇಟೆಡ್ ಕಲಿಸುವ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳಲ್ಲಿ, ಭುವನೇಶ್ವರದ ನೈಸರ್‌ನಲ್ಲಿ ಕೊನೆಯ ವರ್ಷ ನಿನ್ನದೇ ಪ್ರಾಜೆಕ್ಟ್ ಇರುತ್ತದೆ. ಬಿ.ಎಸ್ಸಿಗೆ ಯಾವ ಕಾಲೇಜು ನೋಡಿದರೂ ಲ್ಯಾಬಿಗೆ ಹೋಗಿ, ಒಂದು ಉಪಕರಣಕ್ಕೆ ಎಷ್ಟು ಜನ ಅಂತ ಕೇಳು. ನಾಚಿಕೊಳ್ಳಬೇಡ.

ಫಿಸಿಕ್ಸೋ ಮ್ಯಾಥ್ಸೋ ಅಂತ ಇನ್ನೂ ಗೊಂದಲವಿದ್ದರೆ ಬಿ.ಎಸ್ಸಿ ನಿಜಕ್ಕೂ ಒಳ್ಳೆಯದು. ಮೂರು ವರ್ಷಕ್ಕೆ ಡಿಗ್ರಿ ಕೈಯಲ್ಲಿರುತ್ತದೆ, ಆಮೇಲೆ ಎತ್ತ ಬೇಕಾದರೂ ತಿರುಗಬಹುದು. ಜಾಮ್ ಬರೆದು, ಎಂ.ಎಸ್ಸಿ ಜೊತೆಗೇ ಸಂಶೋಧನೆ ಮುಂದುವರಿಸುವ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಹೋಗಬಹುದು. ಬೆಂಗಳೂರಿನ ಐಐಎಸ್ಸಿಯಲ್ಲಿ ನಾಲ್ಕು ವರ್ಷದ ಬಿ.ಎಸ್ ಕೂಡ ಇದೆ, ಬೇಕೆಂದರೆ ಐದನೇ ವರ್ಷ ಓದಿ ಮಾಸ್ಟರ್ಸ್ ಪಡೆಯಬಹುದು. ಸೀಟು ಸಿಗುವುದು ಕಷ್ಟ, ಆದರೂ ಅರ್ಜಿ ಹಾಕು. ಇಂಟಿಗ್ರೇಟೆಡ್ ಸೇರುವುದಾದರೆ, ಮಧ್ಯದಲ್ಲಿ ಬಿಟ್ಟರೆ ಏನು ಸಿಗುತ್ತದೆ ಅಂತ ಮೊದಲೇ ಓದಿಕೋ.

ನನ್ನನ್ನು ಕೇಳಿದರೆ ನಿನಗೆ ಇಂಟಿಗ್ರೇಟೆಡ್ಡೇ ಸರಿ. ಪಂಚಮಿ ಜೋಕಾಲಿಯಲ್ಲಿ ಮೊದಲು ತಮ್ಮನನ್ನು, ಆಮೇಲೆ ಮಾವನನ್ನು ಕೂರಿಸಿ, ಹತ್ತು ಸಲ ತೂಗಲು ಎಷ್ಟು ಸೆಕೆಂಡು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದವಳು ನೀನು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಬಂತು ಅಂತ ನೀನು ರಾತ್ರಿ ಊಟ ಬಿಟ್ಟು ಯೋಚನೆ ಮಾಡಿದ್ದೆ. ಅಜ್ಜಿ ಇವತ್ತಿಗೂ ಆ ಗೋಡೆಗೆ ಸುಣ್ಣ ಹೊಡೆಯಲು ಬಿಟ್ಟಿಲ್ಲ.

ಐಸರ್‌ನ ಪ್ರವೇಶ ಪರೀಕ್ಷೆ ಐಎಟಿಯಲ್ಲಿ 60 ಪ್ರಶ್ನೆ, ಅದರಲ್ಲಿ 15 ಬಯಾಲಜಿ. ನೀನು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಬಯಾಲಜಿ ಬಿಟ್ಟವಳು. ನಮ್ಮ ಶಾಲೆಯ ಮೇಡಂ ಹತ್ತಿರದಿಂದ ಪಿಯು ಬಯಾಲಜಿ ಪುಸ್ತಕ ಎರಡೂ ತಂದಿಟ್ಟಿದ್ದೇನೆ. ಭಾನುವಾರ ಬೆಳಗಿನ ಬಸ್ಸಿಗೇ ಬಾ, ಮಧ್ಯಾಹ್ನ ಇಬ್ಬರೂ ಕೂತು ಮೊದಲ ಪಾಠ ಓದೋಣ.

ನಿನ್ನ
ಅಮ್ಮ