ಬಾಲದ ಹುಡುಗ ಮೊದಲು ಹಾಡಲಿ

ಪ್ರೀತಿಯ ಗೆಳೆಯ,

ನಿನ್ನ ಸಂಗೀತ ನಾಟಕವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಬಾಲ ಇರುವ ಹುಡುಗನೊಬ್ಬ ಊರಿಗೆ ಬರುತ್ತಾನೆ, ಊರು ಅವನನ್ನು ಒಪ್ಪುವುದಿಲ್ಲ. ಕಥೆ ಚೆನ್ನಾಗಿದೆ. ಪ್ರಾಸವಂತೂ ನಿನಗೆ ಸಲೀಸು. ಆದರೆ ಓದುತ್ತಾ ಓದುತ್ತಾ ಒಂದು ವಿಷಯ ಕಾಡಿತು. ನಗು ಹುಟ್ಟುವುದೆಲ್ಲ ಆ ಬಾಲದಿಂದಲೇ. ಬಾಲ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ತಟ್ಟೆ ಬೀಳಿಸುತ್ತದೆ, ಅದರ ಮೇಲೆ ಯಾರೋ ಕೂರುತ್ತಾರೆ. ಅಂದರೆ ಪ್ರೇಕ್ಷಕರೂ ಊರಿನವರ ಜೊತೆ ಸೇರಿಕೊಂಡು ಅವನನ್ನು ನೋಡಿ ನಗುತ್ತಾರೆ. ಅಷ್ಟು ಹೊತ್ತು ಹಾಗೆ ನಕ್ಕವರು ಕೊನೆಯಲ್ಲಿ ಅವನಿಗಾಗಿ ಹೇಗೆ ಅಳುತ್ತಾರೆ ಹೇಳು?

'ಬ್ಯಾಟ್ ಬಾಯ್' ನಾಟಕವನ್ನು ಗಮನವಿಟ್ಟು ನೋಡು. 1992ರಲ್ಲಿ ಅಮೆರಿಕದ 'ವೀಕ್ಲಿ ವರ್ಲ್ಡ್ ನ್ಯೂಸ್' ಪತ್ರಿಕೆ, ಅರ್ಧ ಬಾವಲಿ ಅರ್ಧ ಮನುಷ್ಯನಾದ ಹುಡುಗ ಗುಹೆಯಲ್ಲಿ ಸಿಕ್ಕಿದ್ದಾನೆ ಅಂತ ಮುಖಪುಟದಲ್ಲೇ ಹಾಕಿತು. ಪೂರ್ತಿ ಕಟ್ಟುಕಥೆ. ಅದನ್ನೇ ಹಿಡಿದು ಕೀತ್ ಫಾರ್ಲಿ ಮತ್ತು ಬ್ರಯಾನ್ ಫ್ಲೆಮಿಂಗ್ ನಾಟಕ ಬರೆದರು, ಲಾರೆನ್ಸ್ ಓಕೀಫ್ ಹಾಡು ಕಟ್ಟಿದರು. 1997ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೊದಲು ಆಡಿದ್ದು, 2001ರಲ್ಲಿ ನ್ಯೂಯಾರ್ಕ್‌ಗೆ ಬಂತು.

ಅಲ್ಲಿ ನಗು ಎಲ್ಲಿಂದ ಬರುತ್ತದೆ ನೋಡು. ಊರಿನ ಹಸುಗಳು ಒಂದರ ಹಿಂದೆ ಒಂದು ಸಾಯುತ್ತಿವೆ. ಕಾರಣ ಹುಡುಕುವ ತಾಳ್ಮೆ ಯಾರಿಗೂ ಇಲ್ಲ. ಬಾವಲಿ ಹುಡುಗ ಸಿಕ್ಕಿದ, ತಪ್ಪೆಲ್ಲ ಅವನ ತಲೆಗೆ! ಆ ಜನರ ತರ್ಕವೇ ತಮಾಷೆ. ಇತ್ತ ಎಡ್ಗರ್ ಎಂದು ಹೆಸರು ಪಡೆದ ಆ ಹುಡುಗ ಬಿಬಿಸಿ ಟೇಪುಗಳನ್ನು ಕೇಳಿ ಕೇಳಿ ಮಾತು ಕಲಿಯುತ್ತಾನೆ. ಇಡೀ ಊರಲ್ಲಿ ಅವನಷ್ಟು ನಾಜೂಕಾಗಿ ಮಾತಾಡುವವರು ಯಾರೂ ಇಲ್ಲ. ಆಗಲೂ ನಗುತ್ತೇವೆ, ಆದರೆ ಅವನ ಪಕ್ಕದಲ್ಲಿ ನಿಂತು ನಗುತ್ತೇವೆ.

ಇನ್ನೂ ಒಂದಿದೆ, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಎಡ್ಗರ್ ಸಾಧು ಪ್ರಾಣಿ ಅಲ್ಲ. ಸಿಕ್ಕ ಕೂಡಲೇ ಒಬ್ಬ ಹುಡುಗಿಯನ್ನು ಕಚ್ಚುತ್ತಾನೆ. ಅವನಿಗೆ ರಕ್ತ ಬೇಕು. ಊರಿನ ಭಯಕ್ಕೆ ಒಂದಿಷ್ಟಾದರೂ ಕಾರಣ ಇದೆ, ಅದಕ್ಕೇ ಅವರ ಅನ್ಯಾಯ ನಮಗೆ ಅಷ್ಟು ಚುಚ್ಚುತ್ತದೆ. ನಿನ್ನ ಹುಡುಗ ಮಾತ್ರ ಮೊದಲಿಂದ ಕೊನೆವರೆಗೂ ಬರೀ ಒಳ್ಳೆಯವನು. ಸಿಟ್ಟು ಬರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಅಪಾರ್ಥಕ್ಕೆ ಸಿಕ್ಕವನಲ್ಲಿ ತಪ್ಪೇ ಇರಬಾರದು ಅಂತ ಯಾರು ಹೇಳಿದರು? ಅವನು ಒಂದು ಸಲವಾದರೂ ಯಾರಿಗಾದರೂ ನೋವು ಮಾಡಲಿ.

ಈಗ ಹಾಡಿನ ವಿಷಯ. ನಿನ್ನ ಹುಡುಗ ಬಾಯಿ ಬಿಟ್ಟು ಹಾಡುವುದು ಎರಡನೇ ಅಂಕದಲ್ಲಿ. ಅಲ್ಲಿವರೆಗೂ ಬೇರೆಯವರೇ ಅವನ ಬಗ್ಗೆ ಹಾಡುತ್ತಾರೆ. ತಡವಾಯಿತು. ಅವನಿಗೇನು ಬೇಕು ಅನ್ನುವುದು ಬೇಗ ಗೊತ್ತಾಗಬೇಕು, ಅದೂ ಅವನ ದನಿಯಲ್ಲೇ. ಬೇಕಾದದ್ದು ಚಿಕ್ಕದಾಗಿರಲಿ. 1982ರ 'ಲಿಟಲ್ ಶಾಪ್ ಆಫ್ ಹಾರರ್ಸ್'ನಲ್ಲಿ, ಮನುಷ್ಯರನ್ನು ತಿನ್ನುವ ಗಿಡದ ಕಥೆಯ ನಡುವೆ, ಆಡ್ರಿ ಅನ್ನುವ ಹುಡುಗಿ ತನ್ನ ಕನಸನ್ನು ಹಾಡುತ್ತಾಳೆ. ಒಂದು ಪುಟ್ಟ ಮನೆ, ಸುತ್ತ ಬೇಲಿ, ಸೋಫಾಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಕೇಳುವವರು ನಗುತ್ತಾರೆ, ಅಷ್ಟರಲ್ಲೇ ಗಂಟಲು ಕಟ್ಟುತ್ತದೆ. ಇದನ್ನೇ ಅವಳು 'ನನಗೆ ಪ್ರೀತಿ ಬೇಕು, ಶಾಂತಿ ಬೇಕು' ಅಂತ ಹಾಡಿದ್ದರೆ ಯಾರ ಮನಸ್ಸೂ ಅಲುಗುತ್ತಿರಲಿಲ್ಲ, ಅಲ್ವಾ? ಆ ನಾಟಕ ಬರೆದ ಹೊವಾರ್ಡ್ ಆಶ್ಮನ್ ನಟರಿಗೆ ಮೊದಲೇ ತಿಳಿಸಿದ್ದರು: ತಮಾಷೆ ಬರಹದಲ್ಲೇ ಇದೆ, ನೀವು ಸರಳವಾಗಿ, ಪ್ರಾಮಾಣಿಕವಾಗಿ ಆಡಿ ಅಂತ. ನಿನ್ನ ಹಸ್ತಪ್ರತಿಯಲ್ಲಿ 'ಕಣ್ಣು ಮಿಟುಕಿಸಿ', 'ಪ್ರೇಕ್ಷಕರತ್ತ ತಿರುಗಿ ನಕ್ಕು' ಅನ್ನುವ ಸೂಚನೆಗಳು ಜಾಸ್ತಿ ಇವೆ. ಎಲ್ಲವನ್ನೂ ಹೊಡೆದುಹಾಕು.

ಸಾಲು ಕಟ್ಟುವಾಗ ಊರಿನವರಿಗೆ ಹ್ರಸ್ವ ಅಕ್ಷರಗಳ ಚುರುಕು ಸಾಲು ಕೊಡು. ಒತ್ತಕ್ಷರ ತುಂಬಿದರೆ ವೇಗದಲ್ಲಿ ನಾಲಿಗೆ ತೊಡರುತ್ತದೆ, ಮಾತು ಕೇಳದಿದ್ದರೆ ನಗುವೂ ಬರುವುದಿಲ್ಲ. ಹುಡುಗನ ಸಾಲುಗಳು ದೀರ್ಘ ಸ್ವರದಲ್ಲಿ ಮುಗಿಯಲಿ. ದನಿಗೆ ನಿಲ್ಲಲು ಜಾಗ ಬೇಕು. ಅವನ ಹಾಡಿನಲ್ಲಿ ಚಮತ್ಕಾರದ ಪ್ರಾಸ ಬೇಡ. ಅಂಥ ಪ್ರಾಸ ಬಂದ ಕೂಡಲೇ ಅಲ್ಲಿ ಹುಡುಗ ಮರೆಯಾಗಿ ನೀನು ಕಾಣುತ್ತೀಯ.

ಕೊನೆಯ ದೃಶ್ಯದಲ್ಲಿ ವೈದ್ಯರು ಬಾಲ ಕತ್ತರಿಸುತ್ತಾರೆ, ಊರು ಅವನನ್ನು ಅಪ್ಪಿಕೊಳ್ಳುತ್ತದೆ. ದಯವಿಟ್ಟು ಅದನ್ನು ತೆಗೆದುಬಿಡು. ಹಾಗೆ ಮುಗಿಸಿದರೆ ಊರು ಹೇಳಿದ್ದೇ ಸರಿ ಅಂತ ನೀನೂ ಒಪ್ಪಿದಂತೆ. ಎಡ್ಗರ್ ಕೊನೆಗೆ ಸಾಯುತ್ತಾನೆ, ಆದರೆ ಬಾವಲಿ ಹುಡುಗನಾಗಿಯೇ ಸಾಯುತ್ತಾನೆ. ನಿನ್ನವನನ್ನು ನೀನು ಸಾಯಿಸಲೇಬೇಕು ಅಂತಿಲ್ಲ, ಬಾಲ ಮಾತ್ರ ಇರಲಿ.

ಮೊದಲು, ಹುಡುಗ ತನಗೇನು ಬೇಕು ಅಂತ ಹಾಡುವ ಆ ಒಂದು ಹಾಡನ್ನು ಬರೆ. ಬರೀ ಸಾಲುಗಳು ಸಾಲದು, ನಿನ್ನ ದನಿ ಹೇಗಿದ್ದರೂ ಪರವಾಗಿಲ್ಲ, ಹಾಡಿ ರೆಕಾರ್ಡ್ ಮಾಡಿ ಕಳಿಸು. ಕೇಳಿದ ಮೇಲೆ ಮೊದಲ ಅಂಕದ ಬಗ್ಗೆ ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳೆಯ