ಕಾರು ಚೆನ್ನಾಗಿಯೇ ಉಂಟು, ಚಾರ್ಜರ್‌ಗೊಂದು ಮಾಡು ಹಾಕಿಸಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು, ಲಕ್ಷಗಟ್ಟಲೆ ಸುರಿದು ಎಲೆಕ್ಟ್ರಿಕ್ ಕಾರು ತೆಗೆದುಕೊಂಡವರೆಲ್ಲ ಈಗ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ ಎಂದು ಬರೆದಿದ್ದರು. ಹಾಗೆ ಸುರಿದವರಲ್ಲಿ ನಾನೂ ಒಬ್ಬ. ಕೂತಿಲ್ಲ, ಓಡಿಸುತ್ತಿದ್ದೇನೆ. ಅವರು ಬರೆದ ತೊಂದರೆಗಳಲ್ಲಿ ಅರ್ಧಕ್ಕರ್ಧ ಯಾರೋ ಹೇಳಿದ್ದನ್ನು ಕೇಳಿ ಬರೆದ ಹಾಗಿತ್ತು. ನಿಜವಾದ ತೊಂದರೆ ಒಂದನ್ನು ಮಾತ್ರ ಅವರು ಮುಟ್ಟಲೇ ಇಲ್ಲ: ದಾರಿಬದಿಯ ಚಾರ್ಜರ್‌ಗಳಿಗೆ ಮಾಡು, ಅಂದರೆ ಮೇಲೊಂದು ಸೂರು, ಇಲ್ಲ. ಅದಕ್ಕೇ ಈ ಪತ್ರ.

ಮೂವತ್ತು ವರ್ಷ ಕುವೈತಿನಲ್ಲಿ ದುಡಿದು ಕಟಪಾಡಿಗೆ ವಾಪಸ್ ಬಂದವನು ನಾನು. 2024ರ ನವರಾತ್ರಿ ಹೊತ್ತಿಗೆ 70 ಲಕ್ಷ ಚಿಲ್ಲರೆಯ ಕಾರು ತಂದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಹೇಳಿದರೆ ಶೋರೂಮಿನವರು ಫೋನ್ ಮಾಡಿ ತಲೆ ತಿನ್ನುತ್ತಾರೆ. ಬ್ಯಾಟರಿ 80 ಯೂನಿಟ್ಟಿನದು. ನಮ್ಮ ಕಡೆ ಒಂದು ಸಣ್ಣ ಮನೆಗೆ ಹದಿನೈದು ದಿನಕ್ಕೆ ಬೇಕಾಗುವಷ್ಟು ಕರೆಂಟು ಅದರ ಹೊಟ್ಟೆಯೊಳಗೆ ಕೂತಿರುತ್ತದೆ. ಯೂನಿಟ್ಟಿಗೆ ಸುಮಾರು 5 ಕಿ.ಮೀ. ಓಡುತ್ತದೆ. ಮನೆಯಲ್ಲಿ ರಾತ್ರಿ ಸಿಕ್ಕಿಸಿ ಮಲಗಿದರೆ ಬೆಳಗ್ಗೆ ಫುಲ್. ಯೂನಿಟ್ಟಿಗೆ ಏಳು ರೂಪಾಯಿ ಆಸುಪಾಸು ಹಿಡಿದರೆ ಕಿಲೋಮೀಟರಿಗೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ. ಇಷ್ಟು ದೊಡ್ಡ ಪೆಟ್ರೋಲ್ ಕಾರಿಗೆ ಎಷ್ಟು ಬೀಳುತ್ತದೆ ಅಂತ ಇಟ್ಟುಕೊಂಡವರನ್ನೇ ಕೇಳಿ.

ಓಡಿಸುವ ಸುಖದ ಬಗ್ಗೆ ಜಾಸ್ತಿ ಬರೆದರೆ ಜಂಬ ಅನಿಸೀತು. ಒಂದೇ ಮಾತು ಹೇಳುತ್ತೇನೆ. ಯಕ್ಷಗಾನದ ಆಟ ನೋಡಿ ರಾತ್ರಿ ಎರಡು ಗಂಟೆಗೆ ಅಂಗಳಕ್ಕೆ ಬಂದು ನಿಲ್ಲಿಸಿದರೂ ಅಮ್ಮನಿಗೆ ಎಚ್ಚರ ಆಗುವುದಿಲ್ಲ, ನಾಯಿ ಸಹ ಕತ್ತು ಎತ್ತುವುದಿಲ್ಲ. ಇದರಿಂದ ಒಂದು ಫಜೀತಿಯೂ ಉಂಟು. ಓಣಿಯಲ್ಲಿ ಮಲಗಿದ ದನಕ್ಕೆ ಹಿಂದೆ ಎರಡು ಟನ್ನಿನ ಕಾರು ಬಂದು ನಿಂತದ್ದು ಗೊತ್ತೇ ಆಗುವುದಿಲ್ಲ, ಕೊನೆಗೆ ಇಳಿದು ಹೋಗಿ ಎಬ್ಬಿಸಬೇಕು.

ಘಾಟಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಆ ಪತ್ರದಲ್ಲಿ 'ಶಿರಾಡಿ ಹತ್ತುವಾಗ ಬ್ಯಾಟರಿ ಅರ್ಧ ಖಾಲಿ' ಅಂತ ಇತ್ತು. ಸುಮ್ನೆ ಹೆದರಿಸಬೇಡಿ ಮಾರಾಯ್ರೆ. ಗುಂಡ್ಯದಿಂದ ಸಕಲೇಶಪುರಕ್ಕೆ ಏರುವುದು ಹೆಚ್ಚುಕಮ್ಮಿ 800 ಮೀಟರ್. ಎರಡು ಟನ್ನಿಗಿಂತ ಸ್ವಲ್ಪ ಮೇಲಿನ ಭಾರವನ್ನು ಅಷ್ಟು ಎತ್ತರ ಒಯ್ಯಲಿಕ್ಕೆ ಬೇಕಾಗುವುದು ಐದು ಯೂನಿಟ್, ಹೈಸ್ಕೂಲ್ ಮಕ್ಕಳೂ ಮಾಡುವ ಲೆಕ್ಕ. ಮಾಮೂಲಿ ಓಟಕ್ಕೆ ಬೇಕಾದದ್ದರ ಮೇಲೆ ಅಷ್ಟು ಹೋಗುತ್ತದೆ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟರೇ ಡೈನಮೋ ಆಗಿ ಕಾರನ್ನು ಹಿಡಿಯುತ್ತದೆ, ಮೂರು ಯೂನಿಟ್ಟಿನಷ್ಟು ವಾಪಸ್ ಬರುತ್ತದೆ, ಬ್ರೇಕ್ ಬಿಸಿಯಾಗುವ ಪ್ರಶ್ನೆಯೇ ಇಲ್ಲ. ಹೊಸಬರಿಗೆ ಒಂದು ಕಿವಿಮಾತು: ಸಕಲೇಶಪುರದ ಕಡೆ 100ಕ್ಕೆ ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸುತ್ತದಾ? ಬ್ಯಾಟರಿ ಕರೆಂಟು ವಾಪಸ್ ತೆಗೆದುಕೊಳ್ಳುವುದಿಲ್ಲ, ಕಾರು ಮೊದಲಿನ ಹಾಗೆ ಹಿಡಿತ ಕೊಡುವುದಿಲ್ಲ, ಅಭ್ಯಾಸ ಇಲ್ಲದವರು ಮೊದಲ ತಿರುವಿನಲ್ಲೇ ಗಾಬರಿ ಬೀಳುತ್ತಾರೆ. ನಾನೂ ಬಿದ್ದಿದ್ದೆ.

ಬೇರೆ ತೊಂದರೆ ಇಲ್ವಾ ಅಂದರೆ, ಉಂಟು. ಸ್ಟೆಪ್ನಿ ಇಲ್ಲ. ಅಷ್ಟು ದುಡ್ಡಿಗೆ ಒಂದು ಗಾಳಿ ಪಂಪು, ಒಂದು ಬಾಟ್ಲಿ ಅಂಟು ಕೊಟ್ಟಿದ್ದಾರೆ. ಹೆದ್ದಾರಿ 66ರಲ್ಲಿ ಪಡುಬಿದ್ರಿ ದಾಟಿ ಹೊಂಡಕ್ಕೆ ಬಿದ್ದು ಟೈರಿನ ಪಕ್ಕೆ ಹರಿದಾಗ ಆ ಅಂಟು ಎಂತಕ್ಕೂ ಬರಲಿಲ್ಲ. ಹೊಸ ಟೈರು ಬೆಂಗಳೂರಿನಿಂದ ಬರುವ ತನಕ ನಾಲ್ಕು ದಿನ ಹೆಂಡತಿಯ ಸ್ಕೂಟರಿನಲ್ಲಿ ತಿರುಗಿದೆ. ಇನ್ನೊಂದು ಸಲ ಹದಿನೈದು ದಿನ ಊರಲ್ಲಿರಲಿಲ್ಲ, ಬಂದು ನೋಡಿದರೆ ಬಾಗಿಲೇ ತೆರೆಯುವುದಿಲ್ಲ. ಹಿಡಿಕೆ ಬಾಗಿಲೊಳಗೆ ಅಡಗಿಕೊಳ್ಳುವ ಮಾದರಿ, ಅದು ಹೊರಗೆ ಬರಬೇಕಾದರೆ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಜೀವ ಇರಬೇಕು. ಹೊಟ್ಟೆಯಲ್ಲಿ 60 ಯೂನಿಟ್ ಇಟ್ಟುಕೊಂಡ ಕಾರು ಆ ಪುಟ್ಟ ಬ್ಯಾಟರಿ ಸತ್ತದ್ದಕ್ಕೆ ಕಲ್ಲಿನ ಹಾಗೆ ನಿಂತಿತ್ತು. ಪಕ್ಕದ ಮನೆಯ ಹಳೇ ಓಮ್ನಿಯಿಂದ ವೈರು ಎಳೆದು ಎಬ್ಬಿಸಿದೆವು. ಓಮ್ನಿಯವರು ಈಗಲೂ ದಾರಿಯಲ್ಲಿ ಸಿಕ್ಕಿದರೆ ನಗುತ್ತಾರೆ, ನಗಲಿ ಬಿಡಿ.

ಇವೆಲ್ಲ ನನ್ನ ಕಾರಿನ ಪಾಡು, ನನ್ನ ದುಡ್ಡು, ನಾನು ನೋಡಿಕೊಳ್ಳುತ್ತೇನೆ. ನಾನು ಹೇಳಬೇಕಾದದ್ದು ಮಾಡಿನ ವಿಷಯ.

ಕಟಪಾಡಿಯಿಂದ ಬೆಂಗಳೂರು 400 ಕಿ.ಮೀ. ಹತ್ತಿರ. ನಡುವೆ ಒಂದು ಸಲ ಚಾರ್ಜ್ ಬೇಕೇ ಬೇಕು. ಕಳೆದ ಜುಲೈಯಲ್ಲಿ ಅಮ್ಮನನ್ನು ಮಂಡಿನೋವಿಗೆ ತೋರಿಸಲು ಕರೆದುಕೊಂಡು ಹೋಗುವಾಗ ಹೆದ್ದಾರಿ 75ರ ಬದಿಯ ಒಂದು ಚಾರ್ಜರ್ ಹತ್ತಿರ ನಿಲ್ಲಿಸಿದೆ. ಮಳೆ ಅಂದರೆ ಘಟ್ಟದ ಮಳೆ, ಕೊಡೆ ಹಿಡಿದರೆ ಕೊಡೆಯೇ ನಮ್ಮನ್ನು ಎಳೆಯುತ್ತದೆ. ಚಾರ್ಜರ್ ಬಯಲಲ್ಲಿ ನಿಂತಿದೆ, ಮೇಲೆ ಒಂದು ಹಾಳೆ ತಗಡೂ ಇಲ್ಲ. ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಗನ್ನಿನ (ಕಾರಿಗೆ ಸಿಕ್ಕಿಸುವ ಪ್ಲಗ್ಗಿನ) ಕೇಬಲ್, ಅದೋ ಹೆಬ್ಬಾವಿನಷ್ಟು ಭಾರ, ಇನ್ನೊಂದು ಕೈಯಲ್ಲಿ ಫೋನು. ಒದ್ದೆ ಸ್ಕ್ರೀನಿಗೆ ಬೆರಳು ಹತ್ತುವುದಿಲ್ಲ, ಕ್ಯೂಆರ್ ಕೋಡಿನ ಮೇಲೆ ನೀರು ಇಳಿಯುತ್ತಿದೆ, ಸ್ಕ್ಯಾನ್ ಆಗುವುದಿಲ್ಲ. ಆಪ್ ತೆರೆದರೆ ಒಟಿಪಿ ಬೇಕಂತೆ, ಸಿಗ್ನಲ್ ಇಲ್ಲ. (ನನ್ನ ಫೋನಿನಲ್ಲಿ ಈಗ ಇಂಥ ಆರು ಆಪ್‌ಗಳಿವೆ, ಆರರಲ್ಲೂ ಇನ್ನೂರು ಮುನ್ನೂರು ರೂಪಾಯಿ ಸಿಕ್ಕಿಬಿದ್ದಿದೆ.) ನಾಲ್ಕನೇ ಪ್ರಯತ್ನಕ್ಕೆ ಶುರುವಾಯಿತು, ಎಂಟು ನಿಮಿಷಕ್ಕೆ ನಿಂತಿತು, 'ಸೆಷನ್ ಫೇಲ್ಡ್'. ಮತ್ತೆ ಇಳಿ, ಮತ್ತೆ ನೆನೆ. ಅಮ್ಮ ಕಾರಿನೊಳಗೆ ಕೂತು, 'ಪೆಟ್ರೋಲ್ ಬಂಕಲ್ಲಿ ಮಾಡು ಉಂಟಲ್ವಾ ಮಗಾ, ಇಲ್ಲಿ ಯಾಕೆ ಇಲ್ಲ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಳೆಯಲ್ಲಿ ಚಾರ್ಜ್ ಮಾಡಿದರೆ ಶಾಕ್ ಹೊಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಗನ್ ಸರಿಯಾಗಿ ಕೂತು, ಕಾರೂ ಚಾರ್ಜರೂ ಪರಸ್ಪರ ಮಾತಾಡಿಕೊಂಡು, ಎಲ್ಲ ಸರಿ ಉಂಟು ಅಂತ ಗಟ್ಟಿಯಾದ ಮೇಲೆಯೇ ಒಳಗೆ ಕರೆಂಟು ಹರಿಯುವುದು. ಕಾರಿಗೆ ಮಳೆಯಿಂದ ತೊಂದರೆ ಇಲ್ಲ, ತೊಂದರೆ ಇರುವುದು ಮನುಷ್ಯನಿಗೆ. ನಾನಾದರೆ ಅರುವತ್ತು ದಾಟಿದರೂ ಗಟ್ಟಿ ಇದ್ದೇನೆ. ರಾತ್ರಿ ಹೊತ್ತು ಒಬ್ಬಳೇ ಹೆಣ್ಣುಮಗಳು ಕಾರು ತಂದು ಲೈಟಿಲ್ಲದ, ಮಾಡಿಲ್ಲದ ಆ ಬಯಲಲ್ಲಿ ನಲವತ್ತೈದು ನಿಮಿಷ ನಿಲ್ಲಬೇಕು ಅಂದರೆ? ಅದೂ ಪಕ್ಕದ ಗನ್ನಿಗೆ ಇನ್ನೊಂದು ಕಾರು ಬಂದರೆ ನಲವತ್ತೈದು ಹೋಗಿ ಒಂದೂವರೆ ಗಂಟೆ, ಯಾಕೆಂದರೆ ಬೋರ್ಡಿನಲ್ಲಿ ಬರೆದ 60 ಕಿಲೋವ್ಯಾಟ್ ಇಬ್ಬರಿಗೂ ಹಂಚಿ 30 ಆಗುತ್ತದೆ.

'ಕೋಟಿ ಕಾರಿನವರಿಗೆ ಮಾಡು ಬೇರೆ ಬೇಕಾ' ಅಂತ ಕೇಳುವವರಿದ್ದಾರೆ. ಅದೇ ಗನ್ನಿಗೆ ಹದಿನೈದು ಲಕ್ಷದ ನೆಕ್ಸಾನ್ ಸಹ ಬರುತ್ತದೆ, ಬಾಡಿಗೆ ಟ್ಯಾಕ್ಸಿಯೂ ಬರುತ್ತದೆ, ಮಳೆ ಎಲ್ಲರ ತಲೆ ಮೇಲೂ ಒಂದೇ ಲೆಕ್ಕದಲ್ಲಿ ಬೀಳುತ್ತದೆ. ಮತ್ತೆ ನಾವು ಪುಕ್ಕಟೆ ಕೇಳುತ್ತಿಲ್ಲ. 25 ಲಕ್ಷಕ್ಕಿಂತ ಮೇಲಿನ ಎಲೆಕ್ಟ್ರಿಕ್ ಕಾರಿಗೆ 2024ರಲ್ಲಿ ರಾಜ್ಯ ಸರ್ಕಾರ 10% ಆಜೀವ ತೆರಿಗೆ ಹಾಕಿತು, ಅದಕ್ಕೆ ಮೊದಲು ಏನೂ ಇರಲಿಲ್ಲ. ನಾನು ಏಳು ಲಕ್ಷದ ಮೇಲೆ ಕಟ್ಟಿದ್ದೇನೆ. ಹೊರಗೆ ಚಾರ್ಜ್ ಮಾಡಿದರೆ ಯೂನಿಟ್ಟಿಗೆ ನಾನು ಕೊಟ್ಟದ್ದು 20ರಿಂದ 24 ರೂಪಾಯಿ. ಅದರಲ್ಲಿ 18% ಜಿಎಸ್‌ಟಿಯೂ ಸೇರುತ್ತದೆ. ಕರೆಂಟಿಗೆ ಜಿಎಸ್‌ಟಿ ಇಲ್ಲವಲ್ಲ ಅಂದರೆ, ಇದು ಕರೆಂಟು ಮಾರಾಟ ಅಲ್ಲವಂತೆ, 'ಸೇವೆ'ಯಂತೆ. 2023ರಲ್ಲಿ ನಮ್ಮ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವೇ ಹಾಗೆ ಹೇಳಿದೆ. ಸರಿ, ಸೇವೆ ಅಂತಲೇ ಇಟ್ಟುಕೊಳ್ಳೋಣ. ನೆನೆದು ತೊಪ್ಪೆಯಾಗಿ ನಿಂತವನಿಗೆ ಸಿಕ್ಕಿದ ಸೇವೆ ಯಾವುದು ಸ್ವಾಮಿ?

ಎಲೆಕ್ಟ್ರಿಕ್ ವಾಹನಗಳಿಗೆ ಅಂತ ಇರುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜರ್‌ಗಳಿಗೆ ಅಂತಲೇ 2,000 ಕೋಟಿ ಇಟ್ಟಿದ್ದಾರೆ. ಅದರಿಂದ ಕರಾವಳಿಗೂ ಘಟ್ಟಕ್ಕೂ ಚಾರ್ಜರ್ ಬರುವುದಾದರೆ ಜಾಗ ಕೊಡುವವರು, ಅದು ನಗರಸಭೆ ಇರಲಿ, ಪಂಚಾಯತ್ ಇರಲಿ, ಹೋಟೆಲಿನವರಿರಲಿ, ನಾಲ್ಕು ಕಂಬ, ಒಂದು ಶೀಟಿನ ಮಾಡು, ಒಂದು ಟ್ಯೂಬ್‌ಲೈಟು ಇಲ್ಲದೆ ಸಹಿ ಹಾಕಬಾರದು. ದಿಲ್ಲಿಯಲ್ಲಿ ಕೂತು ಪ್ಲಾನ್ ಬರೆದವರಿಗೆ ನಮ್ಮ ಆಟಿ ತಿಂಗಳ ಮಳೆ ಹೇಗಿರುತ್ತದೆ ಅಂತ ಗೊತ್ತಿರಲಿಕ್ಕಿಲ್ಲ, ಇಲ್ಲಿಯವರಿಗೆ ಗೊತ್ತುಂಟಲ್ಲ.

ಅದೇ ದಾರಿಯಲ್ಲಿ ಒಂದು ಸಣ್ಣ ಹೋಟೆಲಿನವರು ತಮ್ಮ ಅಂಗಳದ ಚಾರ್ಜರಿಗೆ ತಾವೇ ಶೀಟು ಹಾಕಿಸಿದ್ದಾರೆ, ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ. ಆ ಜುಲೈಯ ನಂತರ ಬ್ಯಾಟರಿ 60% ಇದ್ದರೂ ನಾನು ಅಲ್ಲೇ ನಿಲ್ಲಿಸುತ್ತೇನೆ. ಚಾರ್ಜ್ ಆಗುವ ತನಕ ಅಮ್ಮನಿಗೆ ಕಾಫಿ, ನನಗೆ ಗೋಳಿಬಜೆ, ಹೊರಡುವಾಗ ಮನೆಗೊಂದು ಕಟ್ಟು ಬಾಳೆಕಾಯಿ ಚಿಪ್ಸ್. ಹೋದ ಸಲ ಹೋದಾಗ ಮೂರನೇ ಕುರ್ಚಿ ಬಂದಿತ್ತು.

ಕಟಪಾಡಿಯ ಒಬ್ಬ ಓದುಗ
ಉಡುಪಿ ಜಿಲ್ಲೆ